ಉದ್ಘಾಟನೆಗೆ ಮೊದಲು ಜೀಪು ಗೊತ್ತು ಮಾಡಿ

ಮಕ್ಕಳೇ,

ಕಷ್ಟದಲ್ಲಿರುವ ಬಸುರಿಯರಿಗೆ ಆಸರೆಯಾಗಲು ನಮ್ಮ ನೆಲ್ಯಾಡಿ ಚರ್ಚಿನಲ್ಲಿ ಒಂದು ಸೇವಾ ತಂಡ ಕಟ್ಟಲು ಹೊರಟಿದ್ದೀರಿ. ಕೇಳಿ ಸಂತೋಷವಾಯಿತು. ತಂಡಕ್ಕೆ ಏನು ಹೆಸರಿಡುವುದು, ಟಿ-ಶರ್ಟಿನ ಬಣ್ಣ ಯಾವುದು, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತಿದೆಯಂತೆ. ದಾದಿಯಾಗಿ ಈ ಗುಡ್ಡಗಳನ್ನೇ ಹತ್ತಿ ಇಳಿದು ಮುದುಕಿಯಾದವಳು ನಾನು. ಸಲಹೆ ಕೇಳಿದ್ದೀರಿ, ಹೇಳುತ್ತೇನೆ. ಹೆಸರು, ಬಣ್ಣ, ಉದ್ಘಾಟನೆ ಎಲ್ಲ ಆಮೇಲೆ ಇರಲಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎದ್ದು ಬರುವ ಜೀಪು ಯಾವ ಯಾವ ವಾರ್ಡಿನಲ್ಲಿದೆ, ಅದನ್ನು ಓಡಿಸುವವರು ಯಾರು, ಮೊದಲು ಆ ಪಟ್ಟಿ ಮಾಡಿ.

ಏಕೆಂದರೆ ನಮ್ಮ ಕಡೆಯ ಬಸುರಿಗೆ ಕೊರತೆಯಾಗಿರುವುದು ಹೆಚ್ಚಾಗಿ ವಸ್ತುವಲ್ಲ, ಜನ. ನೆಲ್ಯಾಡಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ, ಪುತ್ತೂರಿನಲ್ಲಿ ತಾಲೂಕು ಆಸ್ಪತ್ರೆಯಿದೆ, ಸುಮಾರು 70 ಕಿಲೋಮೀಟರ್ ಹೋದರೆ ಮಂಗಳೂರಿನಲ್ಲಿ ಲೇಡಿಗೋಶನ್ ಇದೆ. 108 ಇದೆ, ಆಶಾ ಇದ್ದಾರೆ, ಅಂಗನವಾಡಿ ಇದೆ. ಇಷ್ಟೆಲ್ಲ ಇದ್ದೂ ಒಬ್ಬಳು ಏಳನೇ ತಿಂಗಳವರೆಗೆ ಡಾಕ್ಟರ ಮುಖ ನೋಡದೆ ಉಳಿಯುವುದುಂಟು. ಅವಳ ಮನೆಯಿಂದ ಡಾಮರು ರಸ್ತೆಗೆ ಬರುವ ದಾರಿಯಲ್ಲಿ ಒಂದು ತೋಡಿದೆ, ತೋಡಿಗೆ ಅಡಿಕೆ ಮರದ ಪಾಲವಿದೆ, ಮಳೆಗಾಲದಲ್ಲಿ ಅದು ಜಾರುತ್ತದೆ. ಗಂಡ ಕೂಲಿಗೆ ಹೋದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲದ ಫೋನೊಂದೇ ಜೊತೆ. ಸರಕಾರದ ಸೌಲಭ್ಯಕ್ಕೂ ಅವಳ ಅಂಗಳಕ್ಕೂ ನಡುವೆ ಇರುವ ಆ ಒಂದೆರಡು ಮೈಲಿ ಜಾಗ ನಿಮ್ಮದು. ಆಸ್ಪತ್ರೆ ಕಟ್ಟುವುದು ನಿಮ್ಮ ಕೆಲಸವಲ್ಲ, ಆ ದಾರಿಯಲ್ಲಿ ಅವಳ ಜೊತೆ ನಡೆಯುವುದು ನಿಮ್ಮ ಕೆಲಸ.

ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಅಮೆರಿಕದ ಕೆಥೊಲಿಕ್ ಬಿಷಪರ ಮಂಡಳಿ 2020ರ ಮಾರ್ಚ್ 25ರಂದು, ಮರಿಯಳಿಗೆ ದೇವದೂತನ ವಾರ್ತೆ ಬಂದ ಹಬ್ಬದ ದಿನ, ಇಂಥದ್ದೇ ಒಂದು ಕೆಲಸಕ್ಕೆ ಅಲ್ಲಿಯ ಧರ್ಮಕೇಂದ್ರಗಳನ್ನು ಕರೆಯಿತು. ಅದೂ ಧರ್ಮಕೇಂದ್ರಗಳಿಗೆ ಹೇಳಿದ್ದು ಇದನ್ನೇ: ಕಷ್ಟದಲ್ಲಿರುವ ತಾಯಿಗೆ ನಿಮ್ಮ ಸುತ್ತಮುತ್ತ ಈಗಾಗಲೇ ಏನೇನು ಸಿಗುತ್ತದೆ, ಏನು ಸಿಗುವುದಿಲ್ಲ, ಅದರ ಲೆಕ್ಕ ತೆಗೆಯಿರಿ. ಸುವಾರ್ತೆಯಲ್ಲಿ ನೋಡಿದರೂ ಅಷ್ಟೆ. ವಯಸ್ಸಾದ ಎಲಿಜಬೇತಳು ಬಸುರಿ ಎಂದು ತಿಳಿದ ಮರಿಯಳು ಬೆಟ್ಟದ ಸೀಮೆಗೆ ಅವಸರದಿಂದ ಹೋದಳು, ಸುಮಾರು ಮೂರು ತಿಂಗಳು ಅಲ್ಲೇ ಉಳಿದಳು ಎಂದು ಲೂಕ ಬರೆಯುತ್ತಾನೆ. ಕೈಯಲ್ಲಿ ಏನು ಹಿಡಿದುಕೊಂಡು ಹೋದಳು ಎಂದು ಬರೆದಿಲ್ಲ.

ನಮ್ಮ ಚರ್ಚಿನ ಪಾಲಕಿ ಅಲ್ಫೋನ್ಸಮ್ಮನ ಹುಟ್ಟನ್ನೂ ಒಮ್ಮೆ ನೆನೆಯಿರಿ. ಜುಲೈ 28ರ ಹಬ್ಬಕ್ಕೆ ನಾವು ಅವರ ತಾಳ್ಮೆಯ ಬಗ್ಗೆ, ಕಾಯಿಲೆಯ ಬಗ್ಗೆ ಪ್ರಸಂಗ ಕೇಳುತ್ತೇವೆ. ಆದರೆ ಅವರು ಹುಟ್ಟಿದ್ದು ಹೇಗೆ? 1910ರ ಆಗಸ್ಟ್‌ನಲ್ಲಿ, ದಿನ ತುಂಬುವ ಮೊದಲೇ. ಮಲಗಿದ್ದಾಗ ಮೈಮೇಲೆ ಹಾವು ಸುತ್ತಿಕೊಂಡು ತಾಯಿ ಬೆದರಿದರು, ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಹೆಚ್ಚು ದಿನ ಕಳೆಯಲಿಲ್ಲ, ತಾಯಿ ತೀರಿಕೊಂಡರು. ಆ ಕೂಸನ್ನು ಬಂಧುಗಳು ಸಾಕಿದರು. 2008ರಲ್ಲಿ ಪೋಪರು ಸಂತಪದವಿಗೆ ಏರಿಸಿದ್ದು ಆ ತಾಯಿಯಿಲ್ಲದ ಮಗುವನ್ನು. ಅವರ ಹೆಸರಿನ ಚರ್ಚಿನಲ್ಲಿ ಬಾಣಂತಿಯ ಬಗ್ಗೆ ಯೋಚನೆ ಮಾಡುವ ತಂಡವೊಂದು ಮೊದಲೇ ಇರಬೇಕಿತ್ತು.

ಇನ್ನೊಂದು ಸಾಲವೂ ನಮ್ಮ ಮೇಲಿದೆ. ನಮ್ಮ ಅಪ್ಪ-ಅಮ್ಮಂದಿರು ಕೇರಳದಿಂದ ಇಲ್ಲಿಗೆ ಬಂದು ಕಾಡು ಕಡಿದು ಮರಗೆಣಸು, ರಬ್ಬರು ನೆಟ್ಟ ಕಾಲಕ್ಕೆ ಇಲ್ಲಿ ಆಸ್ಪತ್ರೆಯೂ ಇರಲಿಲ್ಲ, ಸರಿಯಾದ ದಾರಿಯೂ ಇರಲಿಲ್ಲ. ನನ್ನ ಅಮ್ಮನ ಹೆರಿಗೆ ಮಾಡಿಸಿದ್ದು ಗುಡ್ಡದಾಚೆಯ ತುಳು ಮಾತಾಡುವ ಒಬ್ಬ ಸೂಲಗಿತ್ತಿ. ಅಮ್ಮನಿಗೆ ತುಳು ಬಾರದು, ಅವರಿಗೆ ಮಲಯಾಳ ಬಾರದು. ನೀವು ಯಾವ ಜಾತಿ, ಯಾವ ದೇವರು ಎಂದು ಆ ಅಜ್ಜಿ ಕೇಳಿದವರಲ್ಲ. ಹಾಗಾಗಿ ನೀವೂ ಕೇಳಬಾರದು. ಬೆಳ್ತಂಗಡಿ ಧರ್ಮಪ್ರಾಂತದವಳೋ, ಪುತ್ತೂರಿನ ಮಲಂಕರದವಳೋ, ಮಂಗಳೂರು ಕಡೆಯ ಕೊಂಕಣಿಯವಳೋ ಎಂದು ನಮ್ಮೊಳಗಿನ ಲೆಕ್ಕವೂ ಬೇಡ, ಹಿಂದೂ-ಬ್ಯಾರಿ ಎಂಬ ಹೊರಗಿನ ಲೆಕ್ಕವೂ ಬೇಡ. ಅವಳ ಮನೆಗೆ ಹೋಗುವಾಗ ಕೈಯಲ್ಲಿ ಪ್ರಾರ್ಥನೆ ಪುಸ್ತಕವಾಗಲಿ, ಕರಪತ್ರವಾಗಲಿ ಇರಬಾರದು. ಅವಳಾಗಿ ಕೇಳಿದರೆ ಪ್ರಾರ್ಥಿಸಿ, ಕೇಳದಿದ್ದರೆ ನಿಮ್ಮ ಮನೆಗೆ ಬಂದು ಪ್ರಾರ್ಥಿಸಿ. ಶರತ್ತಿನ ಮೇಲೆ ಕೊಡುವ ನೆರವು ನೆರವಲ್ಲ, ವ್ಯಾಪಾರ. ಈ ಕಾಲದಲ್ಲಿ ನಮ್ಮನ್ನು ಸಂಶಯದಿಂದ ನೋಡುವವರೂ ಇದ್ದಾರೆ. ಅವರಿಗೆ ಬಾಯಲ್ಲಿ ಉತ್ತರ ಕೊಡಲು ಹೋಗಬೇಡಿ, ಶುದ್ಧವಾದ ಕೈಯೇ ಉತ್ತರ.

ಈಗ ಕೆಲಸದ ಮಾತಿಗೆ ಬರೋಣ. ಮೊದಲ ತಿಂಗಳು ಯಾರಿಗೂ ಏನೂ ಕೊಡಬೇಡಿ. ಆಶಾ ಕಾರ್ಯಕರ್ತೆಯರನ್ನು, ಅಂಗನವಾಡಿ ಟೀಚರನ್ನು, ಆರೋಗ್ಯ ಕೇಂದ್ರದ ಸಿಸ್ಟರನ್ನು ಹೋಗಿ ಕಾಣಿ. 'ನಾವು ಬಂದಿದ್ದೇವೆ, ಇನ್ನು ನೀವು ನಿಶ್ಚಿಂತೆಯಿಂದಿರಿ' ಎಂಬ ಧಾಟಿ ಬೇಡ. 'ನಿಮಗೆ ಹೋಗಲು ಕಷ್ಟವಾಗುವ ಮನೆ ಯಾವುದು, ನಾವು ಏನು ಮಾಡಬಹುದು' ಎಂದು ಕೇಳಿ. ಯಾವ ಮನೆಯಲ್ಲಿ ತಾಯಿ ಕಾರ್ಡ್ ಆಗಿಲ್ಲ, ಯಾರ ರಕ್ತ ಕಡಿಮೆಯಿದೆ, ಯಾರ ಗಂಡ ಕುಡಿಯುತ್ತಾನೆ, ಎಲ್ಲವೂ ಆಶಾಗೆ ಗೊತ್ತಿರುತ್ತದೆ. ಅವರ ಕೆಲಸವನ್ನು ಕಿತ್ತುಕೊಳ್ಳಬೇಡಿ, ಅವರ ಕೈಗೆ ಕೈ ಕೊಡಿ.

ಸರಕಾರದಿಂದ ಅವಳಿಗೆ ಬರಬೇಕಾದ್ದು ಬಂದಿದೆಯೇ ಎಂದು ನೋಡಿ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಇದೆ. ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಮದುವೆಯಾಗಿ ಬಂದವಳ ಆಧಾರ್ ತವರಿನ ವಿಳಾಸದಲ್ಲೇ ಇರುತ್ತದೆ, ಖಾತೆ ಸುಮ್ಮನೆ ಬಿದ್ದಿರುತ್ತದೆ. ಕಾಲೇಜಿಗೆ ಹೋಗುವ ಹುಡುಗರು ಅರ್ಧ ದಿನ ಕೂತರೆ ಮುಗಿಯುವ ಕೆಲಸ ಅದು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧ, ರಕ್ತ, ಊಟ ಯಾವುದಕ್ಕೂ ಹಣ ಕೊಡಬೇಕಾಗಿಲ್ಲ. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡಲು ನಗು-ಮಗು ವಾಹನವಿದೆ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ನಿಮ್ಮ ಒಂದು ಜೀಪು ದೂರದ ಎರಡು ಮನೆಯವರನ್ನು ಕರೆದುಕೊಂಡು ಹೋಗಿ ಬಂದರೆ, ಅದೇ ತಂಡದ ಆ ತಿಂಗಳ ದೊಡ್ಡ ಕಾರ್ಯಕ್ರಮ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾದಾಗ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಎಂದರು. ಒಳ್ಳೆಯ ಯೋಜನೆಯೇ. ಆದರೆ ಗುಡ್ಡದ ಮೇಲಿನ ಮನೆಯಿಂದ ದಿನಾ ಇಳಿದು ಹತ್ತುವುದು ಎಂಟನೇ ತಿಂಗಳಿನವಳಿಗೆ ಸುಲಭವೇ? ನಿಮ್ಮ ಅಂಗನವಾಡಿಯಲ್ಲಿ ಈಗ ವ್ಯವಸ್ಥೆ ಹೇಗಿದೆ ಎಂದು ಟೀಚರ್ ಹತ್ತಿರವೇ ಕೇಳಿ, ಅವಳ ಪಾಲು ಅವಳಿಗೆ ತಲುಪುವಂತೆ ನೋಡಿ.

ಮನೆಯೊಳಗೆ ಹೋದಾಗ ಕಣ್ಣು ತೆರೆದಿರಲಿ. ಎಷ್ಟೋ ಮನೆಗಳ ಅಡುಗೆ ಕೋಣೆಯಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿಯೊಳಗೆ ಕಬ್ಬಿಣದ ಮಾತ್ರೆಯ ಪಟ್ಟಿಗಳು ಒಡೆಯದೆ ಕೂತಿರುವುದನ್ನು ನಾನು ಕಂಡಿದ್ದೇನೆ. ಕಾರ್ಡಿನಲ್ಲಿ 'ಕೊಡಲಾಗಿದೆ' ಎಂದು ಟಿಕ್ ಇರುತ್ತದೆ. ನುಂಗಿದರೆ ವಾಕರಿಕೆ, ಮಲ ಕಪ್ಪಾಗುತ್ತದೆ, ಅದನ್ನು ನೋಡಿ ಹೆದರಿಕೆ. ಮಲ ಕಪ್ಪಾಗುವುದು ಸಹಜ, ಹೆದರಬೇಡ ಎಂದು ಹೇಳಲು ಒಬ್ಬರು ಬೇಕು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ತಿನ್ನಬೇಕು, ಹೆರಿಗೆಯಾದ ಮೇಲೂ ಅಷ್ಟೇ ದಿನ. ಖಾಲಿ ಹೊಟ್ಟೆಯಲ್ಲಿ ಆಗದಿದ್ದರೆ ರಾತ್ರಿ ಊಟವಾದ ಮೇಲೆ ತಿನ್ನಲಿ. ಚಾ-ಕಾಫಿಯ ಜೊತೆಗೆ ಮಾತ್ರ ಬೇಡ. ರಬ್ಬರ್ ಟ್ಯಾಪಿಂಗ್ ಮಾಡುವ ಮನೆಗಳಲ್ಲಿ ಬೆಳಗ್ಗೆ ಬೇಗ ಎದ್ದು ಹಾಲಿಲ್ಲದ ಚಾ ಕುಡಿಯುವ ಅಭ್ಯಾಸವಿದೆ, ಆ ಹೊತ್ತಿಗೇ ಮಾತ್ರೆಯನ್ನೂ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ರಕ್ತದ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಅಪಾಯ, ಆಸ್ಪತ್ರೆಗೇ ಹೋಗಬೇಕು. ಈ ಎರಡು ಅಂಕೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠವಿರಲಿ.

ಇನ್ನು ಕೆಲವು ಲಕ್ಷಣಗಳಿವೆ. ಅವುಗಳನ್ನು ಕಂಡರೆ ನಾಳೆ ನೋಡೋಣ ಎನ್ನಬಾರದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ಫಿಟ್ಸ್, ರಕ್ತ ಹೋಗುವುದು, ನೀರು ಹೋಗುವುದು, ಜ್ವರ, ಹೊಟ್ಟೆಯೊಳಗಿನ ಮಗುವಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಅದು ಬರುವವರೆಗೆ ಕಾಯದೆ ಜೀಪಿನಲ್ಲಿ ರಸ್ತೆಯವರೆಗಾದರೂ ತನ್ನಿ. ಹೆದ್ದಾರಿಯ ಚತುಷ್ಪಥ ಕೆಲಸದಿಂದ ಎಲ್ಲಿ ತಿರುವು ಬದಲಾಗಿದೆ, ಎಲ್ಲಿ ನೀರು ನಿಂತಿದೆ ಎಂಬುದು ನಿಮ್ಮ ಚಾಲಕರಿಗೆ ಗೊತ್ತಿರಲಿ. ಮಳೆಗಾಲದಲ್ಲಿ ದಿನ ತುಂಬುವವಳನ್ನು ಒಂದು ವಾರ ಮೊದಲೇ ರಸ್ತೆ ಬದಿಯ ಯಾವುದಾದರೂ ಮನೆಯಲ್ಲಿ ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ಈಗಲೇ ವಿಚಾರಿಸಿಡಿ. ನಮ್ಮ ದೊಡ್ಡ ದೊಡ್ಡ ಮನೆಗಳಲ್ಲಿ ಮಕ್ಕಳು ಗಲ್ಫಿಗೆ ಹೋಗಿ ಖಾಲಿ ಬಿದ್ದ ಕೋಣೆಗಳು ಎಷ್ಟಿಲ್ಲ?

ಎಲ್ಲ ಬಸುರಿಯರ ಕಷ್ಟ ಒಂದೇ ತರಹದ್ದಲ್ಲ. ಬೀಡಿ ಕಟ್ಟುವವಳು ದಿನವಿಡೀ ಬಗ್ಗಿ ಕೂತು ತಂಬಾಕಿನ ಧೂಳು ಕುಡಿಯುತ್ತಾಳೆ. ಬೀಡಿ ಬಿಡು ಎಂದು ಉಪದೇಶ ಮಾಡುವುದು ಸುಲಭ, ವಾರದ ಮಜೂರಿ ಯಾರು ಕೊಡುತ್ತಾರೆ? ಕೊನೆಯ ಎರಡು ತಿಂಗಳಾದರೂ ಅವಳು ಮೊರದ ಮುಂದಿನಿಂದ ಏಳಲು ಆಗುವಷ್ಟು ಅಕ್ಕಿ-ಸಾಮಾನು ಕೊಡಲು ನಿಮ್ಮಿಂದಾದರೆ ಆಗ ಮಾತಾಡಿ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ-ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳಿವೆ. ಅಲ್ಲಿಯ ಹೆಂಗಸಿಗೆ ಟ್ಯಾಪಿಂಗ್ ತಪ್ಪಿದರೆ ಕೂಲಿ ತಪ್ಪುತ್ತದೆ. ಕೆಲಸಕ್ಕಾಗಿ ಉತ್ತರದಿಂದ ಬಂದವರ ಹೆಂಡತಿಯರಿಗೆ ಭಾಷೆಯೇ ಗೋಡೆ. ಹಿಂದಿ ಬಲ್ಲ ಒಬ್ಬ ಹುಡುಗಿ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಜೊತೆಗೆ ನಿಂತರೆ ಅದಕ್ಕಿಂತ ದೊಡ್ಡ ದಾನವಿಲ್ಲ.

ಕೊಕ್ಕಡ, ಪಟ್ರಮೆ ಕಡೆಗೆ ಹೋದಾಗ ನಿಮ್ಮ ಮಾತು ಇನ್ನೂ ಮೆಲ್ಲಗಿರಲಿ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, ಆದರೆ ಹಾಸಿಗೆ ಬಿಟ್ಟು ಏಳದ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ಅಲ್ಲಿ ಇನ್ನೂ ಇದ್ದಾರೆ. ಅಂಥ ಮನೆಯಲ್ಲಿ ಒಬ್ಬಳು ಬಸುರಿಯಾದರೆ ಸಂಭ್ರಮಕ್ಕಿಂತ ಮೊದಲು ಅಂಜಿಕೆ ಬರುತ್ತದೆ. 'ದೇವರು ನೋಡಿಕೊಳ್ಳುತ್ತಾನೆ' ಎಂದು ಹೇಳಿ ಎದ್ದು ಬರಬೇಡಿ. ಐದನೇ ತಿಂಗಳಿನ ಸ್ಕ್ಯಾನಿಂಗಿಗೆ ಅವಳ ಜೊತೆ ಹೋಗಿ, ಡಾಕ್ಟರು ಹೇಳಿದ್ದನ್ನು ಅವಳ ಪಕ್ಕದಲ್ಲಿ ಕೂತು ಕೇಳಿ. ಅವಳು ತಪಾಸಣೆಗೆ ಹೋದ ದಿನ ಮನೆಯಲ್ಲಿ ಮಲಗಿರುವ ದೊಡ್ಡ ಮಗುವಿಗೆ ಗಂಜಿ ಉಣಿಸಿ, ಮೈ ಒರೆಸಿ ನೋಡಿಕೊಳ್ಳಲು ನಿಮ್ಮಲ್ಲಿ ಇಬ್ಬರು ತಯಾರಿರಬೇಕು.

ಈಗ ಕಷ್ಟದ ಮಾತು. ಮಗು ಬೇಡ ಎಂದುಕೊಂಡು ಬಂದವಳು ಸಿಕ್ಕರೆ ಏನು ಮಾಡುತ್ತೀರಿ? ನಮ್ಮ ಸಭೆಯ ಬೋಧನೆ ಏನೆಂದು ನಿಮಗೆ ಗೊತ್ತು, ಅದನ್ನು ನಾನು ಪುನಃ ಹೇಳಬೇಕಾಗಿಲ್ಲ. ಆದರೆ ಅವಳಿಗೆ ಹೆದರಿಕೆಯ ಚಿತ್ರ ತೋರಿಸುವುದು, ಪಾಪ-ನರಕ ಎನ್ನುವುದು, ಮನೆಯವರಿಗೆ ಸುಳಿವು ಕೊಡುವುದು ಖಂಡಿತ ಬೇಡ. ನಿನಗೆ ಭಾರವಾಗಿರುವುದು ಏನು ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಹಲವು ಸಲ ಅದು ಮಗುವಲ್ಲ. ಮೂರನೆಯದೂ ಹೆಣ್ಣಾದರೆ ಎಂಬ ಅತ್ತೆಯ ಮಾತು, ಬಾಡಿಗೆ ಬಾಕಿ, ಕೈ ಎತ್ತುವ ಗಂಡ, ಕೆಲಸ ಬಿಡಿಸುತ್ತೇನೆಂದ ಧಣಿ. ನಿಮ್ಮಿಂದ ಇಳಿಸಲು ಆಗುವ ಭಾರವನ್ನು ಇಳಿಸಿ. ಕೈ ಎತ್ತುವ ಗಂಡನಿದ್ದರೆ 181 ಮಹಿಳಾ ಸಹಾಯವಾಣಿ ಇದೆ, ರಾಜಿ ಪಂಚಾಯಿತಿಗೆ ನೀವು ಕೂರಬೇಡಿ. ಕಾನೂನು ಏನು, ಅವಳ ದೇಹಸ್ಥಿತಿ ಏನು ಎಂಬುದನ್ನು ಡಾಕ್ಟರು ಹೇಳಲಿ, ನೀವು ಡಾಕ್ಟರಾಗಬೇಡಿ. ಜೀವಕ್ಕೆ ಅಪಾಯವೆಂದಾಗ ಆಸ್ಪತ್ರೆಯ ಬಾಗಿಲಲ್ಲಿ ಚರ್ಚೆಯೇ ಇಲ್ಲ. ಹಿಂದೆಂದೋ ಗರ್ಭ ತೆಗೆಸಿ ಈಗಲೂ ಕೊರಗುವವಳು ಸಿಕ್ಕರೆ, 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಕೊಟ್ಟಿದ್ದಾರೆ ಎಂದು ಹೇಳಿ. ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ.

ಮದುವೆಯಾಗದೆ ಬಸುರಿಯಾದವಳು ಬಂದರೆ ನಿಮ್ಮ ಮುಖದಲ್ಲಿ ಆಶ್ಚರ್ಯ ಕಾಣಬಾರದು. ಯಾರು, ಯಾವಾಗ, ಹೇಗೆ ಎಂದು ಕೇಳಬೇಡಿ. ಆದರೆ ಅವಳಿಗೆ 18 ತುಂಬಿಲ್ಲವಾದರೆ, ಮದುವೆಯಾಗಿದ್ದರೂ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಡುವುದು ಅಪರಾಧ. ಮಾನ ಉಳಿಸುವ ಹೆಸರಿನಲ್ಲಿ ಯಾರು ಒತ್ತಾಯಿಸಿದರೂ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ, ಆ ಹುಡುಗಿಗೂ ಮೊದಲೇ ಹೇಳಿ, ಠಾಣೆಯಲ್ಲಿ ಅವಳ ಪಕ್ಕದಲ್ಲಿ ಒಬ್ಬ ಹೆಂಗಸು ಇರಲಿ. ಮಗುವನ್ನು ಸಾಕಲು ಆಗುವುದಿಲ್ಲ ಎಂದವಳಿಗೆ 'ನಮ್ಮ ಸಂಬಂಧಿಕರಿಗೆ ಮಕ್ಕಳಿಲ್ಲ, ಅವರಿಗೆ ಕೊಡಿಸುತ್ತೇನೆ' ಎಂದು ಯಾವ ಪುಣ್ಯಾತ್ಮನೂ ಹೇಳಕೂಡದು. ಮಗುವನ್ನು ಕೈಯಿಂದ ಕೈಗೆ ಕೊಡುವುದು ಕಾನೂನಿಗೆ ವಿರುದ್ಧ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ತಾಯಿಗೆ 60 ದಿನಗಳ ಅವಕಾಶವಿದೆ ಎಂದು ಅವಳಿಗೆ ತಿಳಿಸುವುದು ನಿಮ್ಮ ಕರ್ತವ್ಯ.

ಬಾಯಿ ಬಿಗಿಯಿರಲಿ ಎಂದು ಬೇರೆ ಹೇಳಬೇಕೇ? ಹೇಳಲೇಬೇಕು. ನೆಲ್ಯಾಡಿಯಲ್ಲಿ ಬೆಳಗ್ಗೆ ಪೇಟೆಯಲ್ಲಿ ಆಡಿದ ಮಾತು ಮಧ್ಯಾಹ್ನಕ್ಕೆ ಶಿರಾಡಿ ಮುಟ್ಟುತ್ತದೆ. ಅವಳ ಹೆಸರು ಗುಂಪಿನಲ್ಲಿ ಬರೆಯಬೇಡಿ, ಪೂಜೆಯ ಪ್ರಾರ್ಥನೆಯಲ್ಲಿ ಹೇಳಬೇಡಿ, ಫೋಟೋ ತೆಗೆಯಬೇಡಿ. ಅಕ್ಕಿ ಚೀಲವನ್ನು ಒಬ್ಬಳ ಕೈಗೆ ಕೊಡುವಾಗ ಐದು ಜನ ಸಾಲಾಗಿ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ದಿನ, ನಿಜವಾಗಿ ಕಷ್ಟದಲ್ಲಿರುವ ಹತ್ತು ಜನ ನಿಮ್ಮಿಂದ ದೂರವಾಗುತ್ತಾರೆ. ಮನೆಗೆ ಹೋಗುವುದು ಇಬ್ಬರು ಹೆಂಗಸರು ಮಾತ್ರ, ಒಬ್ಬರೇ ಬೇಡ. ಹುಡುಗರಿಗೆ ಜೀಪು, ಕಚೇರಿ, ರಕ್ತದಾನ, ಭಾರ ಹೊರುವುದು ಇದ್ದೇ ಇದೆ. ಬಸುರಿಯ ಮನೆಗೆ ಗಂಡಸು ಒಬ್ಬನೇ ಹೋಗಕೂಡದು, ಅವನು ಯಾರೇ ಆಗಿರಲಿ.

ಹಣದ ವಿಷಯ. ಚರ್ಚಿನ ಖಾತೆಯಲ್ಲೇ ಬೇರೆ ಪುಸ್ತಕವಿಡಿ, ಇಬ್ಬರ ಸಹಿ ಇರಲಿ, ಹೆಸರಿಲ್ಲದೆ ಲೆಕ್ಕ ಮಾತ್ರ ಚರ್ಚಿನ ಗುರು ಅಚ್ಚನ್‌ಗೆ ತಿಂಗಳಿಗೊಮ್ಮೆ ತೋರಿಸಿ. ವಿನ್ಸೆಂಟ್ ದೆ ಪೌಲ್ ಸಭೆ, ತಾಯಂದಿರ ಮಾತೃವೇದಿ ಯಾವುದರ ಜೊತೆಗೂ ಪೈಪೋಟಿ ಬೇಡ. ಒಬ್ಬಳಿಗೆ ಎರಡು ಕಡೆಯಿಂದ ಕೊಟ್ಟು ಇನ್ನೊಬ್ಬಳನ್ನು ಮರೆಯುವಂತಾಗಬಾರದು. ನಗದು ಕೇಳಿದರೆ ಜನ ಕೈ ಎಳೆಯುತ್ತಾರೆ. ಮನೆಗೆ ವರ್ಷಕ್ಕೊಂದು ರಬ್ಬರ್ ಶೀಟ್ ಕೇಳಿ, ಯಾರೂ ಇಲ್ಲವೆನ್ನುವುದಿಲ್ಲ. ಪೂಜೆ ಮುಗಿದ ಮೇಲಿನ ಏಲಂನಲ್ಲಿ ಒಂದು ಬಾಳೆಗೊನೆ ಈ ನಿಧಿಗೆ ಇರಲಿ. ಮಗುವಿಗೆಂದು ಹಾಲಿನ ಪುಡಿ ಡಬ್ಬ, ಬಾಟಲಿ ಕೊಂಡು ಹಂಚಬೇಡಿ. ಅದನ್ನು ತಡೆಯುವ 1992ರ ಕಾನೂನೇ ಇದೆ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗುವಂತೆ ನೋಡಿದರೆ ಸಾಕು. ತೊಳೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡುಗಳನ್ನು ಕೊಡಿ, ಜುಲೈ ತಿಂಗಳಲ್ಲಿ ಹೆತ್ತವಳಿಗೆ ಎಷ್ಟಿದ್ದರೂ ಸಾಲದು. ಬಟ್ಟೆ ಒಣಗದೆ ರಬ್ಬರ್ ಶೀಟಿನ ಹೊಗೆಗೂಡಿನಲ್ಲಿ ನೇತುಹಾಕಿ, ಆ ಹೊಗೆ ವಾಸನೆಯ ಬಟ್ಟೆಯಲ್ಲೇ ಕೂಸನ್ನು ಸುತ್ತುವ ಮನೆಗಳಿವೆ. ಒಂದು ಫ್ಲಾಸ್ಕ್, ಒಂದು ಟಾರ್ಚ್, ಒಂದು ದೊಡ್ಡ ಕೊಡೆ ಸೇರಿಸಿ.

ಹೆರಿಗೆಯಾಯಿತೆಂದು ಕೈ ತೊಳೆದುಕೊಳ್ಳಬೇಡಿ. ತವರಿಲ್ಲದವಳ ಬಾಣಂತನವೇ ನಿಜವಾದ ಪರೀಕ್ಷೆ. ಬೆಳಗ್ಗೆ ನೀರು ಕಾಯಿಸಿ ಕೊಡುವವರಿಲ್ಲದೆ ಮೂರನೇ ದಿನಕ್ಕೇ ಕೊಡ ಎತ್ತಿದವಳಿಗೆ ನಿಮ್ಮ ಎರಡು ಗಂಟೆಯೇ ಔಷಧ. ಒಂದೆರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಮಗುವಿನ ಮುಖ ನೋಡಲು ಮನಸ್ಸಿಲ್ಲವೆಂದರೆ, ಸೊಕ್ಕು ಎನ್ನುವವರ ಬಾಯಿ ಮುಚ್ಚಿಸಿ. ಅದು ಕಾಯಿಲೆ, ಗುಣವಾಗುತ್ತದೆ. ಮನಸ್ಸಿನ ಕಾಯಿಲೆಗಿರುವ ಸಹಾಯವಾಣಿ 14416 ಟೆಲಿ-ಮಾನಸ್‌ಗೆ ಕನ್ನಡದಲ್ಲೇ ಮಾತಾಡಬಹುದು. ಹೆಣ್ಣು ಮಗು ಹುಟ್ಟಿದ ಮನೆಗೂ ಅದೇ ಸಿಹಿ, ಅದೇ ನಗು ತೆಗೆದುಕೊಂಡು ಹೋಗಿ.

ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡಿ. ಸ್ವಂತ ಅತ್ತಿಗೆಯ ವಾಕರಿಕೆಗೆ ಮುಖ ಸಿಂಡರಿಸುವವನು ತಂಡದ ಕಾರ್ಯದರ್ಶಿಯಾಗುವುದು ಬೇಡ. ಒಮ್ಮೆಗೆ ಇಪ್ಪತ್ತು ಮನೆ ಹಿಡಿಯಬೇಡಿ. ಎರಡು ಮನೆ ಹಿಡಿದು ಒಂದು ವರ್ಷ ಬಿಡದಿರಿ. ನಡುವೆ ಕೈಬಿಟ್ಟರೆ ಅವಳು ಮೊದಲಿಗಿಂತ ಒಂಟಿಯಾಗುತ್ತಾಳೆ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ವರದಿ ಬೇಕಾಗಿಲ್ಲ. ನೀವು ನೋಡಿಕೊಂಡವಳು ತನ್ನ ನೆರೆಮನೆಯವಳಿಗೆ ನಿಮ್ಮ ನಂಬರ್ ಕೊಟ್ಟಳೇ, ಅದನ್ನು ನೋಡಿ. ಆಮೇಲೊಂದು ದಿನ ಅವಳೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು 'ನಾನೂ ಬರಲಾ' ಎಂದು ಕೇಳಿಯಾಳು. ಕೂಡಲೇ ಸೇರಿಸಿಕೊಳ್ಳಿ, ನಿಮ್ಮ ಸಭೆಯಲ್ಲಿ ಮೊದಲ ಮಾತು ಅವಳದ್ದಾಗಲಿ. ಯಾವ ಮನೆಯಲ್ಲಿ ಏನು ಬೇಕು ಎಂಬುದು ನಿಮಗಿಂತಲೂ ನನಗಿಂತಲೂ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.